ಮೂರು ಸಲ ಬೀಳಬಹುದು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ನಾನು ಮೂವತ್ತು ವರ್ಷ ನರ್ಸ್ ಆಗಿ ದುಡಿದ ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ವಾರ್ಡಿನಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ರೋಗಿಯ ಹಾಸಿಗೆಯ ಮೇಲೆ ಆರಾಮಾಗಿ ಕೂತಿದ್ದ ನೆಂಟರೆಲ್ಲ ಎದ್ದು ನಿಲ್ಲುತ್ತಿದ್ದರು. "ರಿಟೈರ್ ಆದ್ಮೇಲೆ ಬೈಯಕ್ಕೆ ಜನ ಸಿಗ್ಲಿಲ್ಲ, ಅದಕ್ಕೇ ಬ್ಲಾಗ್ ಶುರು ಮಾಡಿದ್ಲು" ಎಂದು ನನ್ನ ತಂಗಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಆಗಿನ್ನೂ ನಾವು ಮಾತಾಡುತ್ತಿದ್ದೆವು.

ಬ್ಲಾಗ್ ಎಂದರೆ ಈಗಿನವರು ಅದಿನ್ನೂ ಇದೆಯಾ ಎಂದು ಕೇಳುತ್ತಾರೆ. ಇದೆ. ಕನ್ನಡದಲ್ಲಿ ಬ್ಲಾಗ್ ಬರೆಯುವ ಕ್ರೈಸ್ತರು ನಾವು ಹನ್ನೊಂದು ಜನ ಇದ್ದೇವೆ. ನನ್ನಂಥ ಕ್ಯಾಥೊಲಿಕರಿದ್ದಾರೆ, ಪ್ರೊಟೆಸ್ಟಂಟರಿದ್ದಾರೆ, ಯಾವ ಚರ್ಚಿಗೂ ಹೋಗದೆ ಮನೆಯಲ್ಲೇ ಬೈಬಲ್ ಓದಿಕೊಂಡು ಎಲ್ಲರ ತಪ್ಪು ಹುಡುಕುವವರೂ ಒಬ್ಬರಿದ್ದಾರೆ. ಜಯನಗರ, ಬಿಟಿಎಂ, ಬನಶಂಕರಿ ಎಂದು ಊರಿನ ಒಂದೇ ಮಗ್ಗುಲಲ್ಲಿ ವಾಸವಿದ್ದರೂ ನಾವು ಮುಖ ನೋಡುವುದು ವರ್ಷಕ್ಕೊಮ್ಮೆ, ಈಸ್ಟರ್ ಕಳೆದ ಶನಿವಾರ, ಪುಟ್ಟೇನಹಳ್ಳಿ ಕೆರೆಯ ಹತ್ತಿರ. ಉಳಿದಂತೆ ಒಬ್ಬರ ಬರಹದ ಕೆಳಗೆ ಇನ್ನೊಬ್ಬರು ನಾಲ್ಕು ಮಾತು ಬರೆಯುವುದೇ ನಮ್ಮ ಒಡನಾಟ. ಓದುವವರಿಗಿಂತ ಬರೆಯುವವರೇ ಜಾಸ್ತಿ ಇದ್ದೀವಿ ಎಂದು ನಮ್ಮ ಪೋಸ್ಟ್‌ಮಾಸ್ಟರ್ ಸಾರ್ ಹೇಳುತ್ತಿರುತ್ತಾರೆ.

ಪೋಸ್ಟ್‌ಮಾಸ್ಟರ್ ಸಾರ್ ಎಂದರೆ ನಮ್ಮ ಗುಂಪಿನ ಹಿರಿಯರು. ಅಂಚೆ ಇಲಾಖೆಯಿಂದ ನಿವೃತ್ತರಾಗಿ ಬನಶಂಕರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಪ್ರೊಟೆಸ್ಟಂಟರು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ತಪಸ್ಸುಕಾಲದಲ್ಲಿ ನಾವು ಪಾಲಿಸುವ ಕಟ್ಟಳೆಗಳನ್ನೆಲ್ಲ ಹಾಕಿಕೊಟ್ಟವರು ಅವರೇ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳಿಗೆ ನಾವು ತಪಸ್ಸುಕಾಲ ಎನ್ನುತ್ತೇವೆ. ಬೂದಿ ಬುಧವಾರದಂದು ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದರಿಂದ ಅದು ಶುರು. ಆಮೇಲೆ ಉಪವಾಸ, ಪ್ರಾರ್ಥನೆ, ಇಷ್ಟವಾದ ಒಂದನ್ನು ಬಿಡುವುದು.

ನಮ್ಮ ಗುಂಪಿನಲ್ಲಿ ಮೊದಲ ಉಪವಾಸ ಬ್ಲಾಗಿಗೇ. ಬೂದಿ ಬುಧವಾರದ ಹಿಂದಿನ ದಿನ ಹನ್ನೊಂದು ಜನವೂ ಸ್ವಂತ ಬ್ಲಾಗಿಗೆ ಬೀಗ ಹಾಕುತ್ತೇವೆ. ನಲವತ್ತು ದಿನ ಅಲ್ಲಿ ಏನೂ ಬರೆಯುವಂತಿಲ್ಲ, ಎಷ್ಟು ಜನ ಓದಿದರು ಎಂದು ಇಣುಕಿ ನೋಡುವಂತಿಲ್ಲ. ಎಲ್ಲರಿಗೂ ಸೇರಿ ಒಂದೇ ಬ್ಲಾಗ್ ಇದೆ, ಅದರಲ್ಲಿ ಸರದಿಯ ಪ್ರಕಾರ ಹೆಸರು ಹಾಕದೆ ಬರೆಯುತ್ತೇವೆ. ಹೆಸರಿಲ್ಲದೆ ಬರೆಯುವುದು ಎಷ್ಟು ಕಷ್ಟ ಎನ್ನುವುದು ಬರೆಯುವವರಿಗೇ ಗೊತ್ತು. ಒಬ್ಬಾಕೆ ಮೊದಲ ವರ್ಷ ಸಕ್ಕರೆ ಬಿಟ್ಟಿದ್ದನ್ನು ಬರೆಯುತ್ತಾ ಬರೆಯುತ್ತಾ ತನ್ನ ಬೀದಿ, ತನ್ನ ಸ್ಕೂಟರು, ತನ್ನ ಸೊಸೆಯ ಊರು ಎಲ್ಲವನ್ನೂ ಸೇರಿಸಿ, ಹೆಸರೊಂದನ್ನು ಬಿಟ್ಟು ಪೂರ್ತಿ ವಿಳಾಸ ಕೊಟ್ಟಿದ್ದಳು.

ಏನು ಬಿಡಬೇಕು ಎಂಬುದನ್ನೂ ನಾವು ಆರಿಸಿಕೊಳ್ಳುವುದಿಲ್ಲ. ನಾವೇ ಆರಿಸಿಕೊಂಡರೆ ಹಾಗಲಕಾಯಿ ಬಿಡುತ್ತೇವೆ ಎಂಬುದು ಸಾರ್ ವಾದ. ಅದಕ್ಕೆ ಚೀಟಿ ಎತ್ತಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಗೊತ್ತು ಮಾಡುತ್ತೇವೆ. ಅವರು ಹೇಳಿದ್ದನ್ನು ಬಿಡಬೇಕು, ಅವರು ಹೇಳಿದ್ದನ್ನು ಮಾಡಬೇಕು. ದಿನಾ ಸಂಜೆ ಜೊತೆಗಾರರಿಂದ "ನಡೀತಾ?" ಎಂದು ಮೆಸೇಜ್ ಬರುತ್ತದೆ. ನಡೆದಿದ್ದರೆ "ನಡೀತು" ಎನ್ನಬೇಕು. ತಪ್ಪಿದ್ದರೆ "ಬಿದ್ದೆ" ಎನ್ನಬೇಕು.

ಮೂರು ಸಲ ಬೀಳಬಹುದು. ಶಿಲುಬೆ ಹೊತ್ತು ನಡೆದಾಗ ಯೇಸುವೇ ಮೂರು ಸಲ ಬಿದ್ದನೆಂದು ನಮ್ಮ ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿದೆ. ಅದು ಬೈಬಲಿನಲ್ಲಿ ಎಲ್ಲೂ ಇಲ್ಲ ಎಂದು ಸಾರ್ ಮೊದಲು ಗೊಣಗಿದರು. ಆದರೆ ಬೀಳಲು ಒಂದು ಮಿತಿ ಬೇಕಲ್ಲ ಎಂದು ಕೊನೆಗೆ ಒಪ್ಪಿದರು. ಬಿದ್ದವರು ಎಲ್ಲರ ಆ ಬ್ಲಾಗಿನಲ್ಲಿ ನಾಲ್ಕೇ ಸಾಲಿನಲ್ಲಿ ಅದನ್ನು ಬರೆಯಬೇಕು. ಕೆಳಗೆ ಉಳಿದವರು ಬುದ್ಧಿ ಹೇಳುವಂತಿಲ್ಲ, ಬೈಬಲಿನ ವಚನ ಉದ್ಧರಿಸುವಂತಿಲ್ಲ. "ಏಳಿ" ಎಂಬ ಒಂದೇ ಮಾತು ಬರೆಯಬೇಕು. ನಾಲ್ಕನೇ ಸಲ ಬಿದ್ದರೆ ಏನು ಎಂದು ಆವರೆಗೆ ಯಾರೂ ಕೇಳಿರಲಿಲ್ಲ.

ಮೊನ್ನೆಯ ತಪಸ್ಸುಕಾಲದಲ್ಲಿ ನನ್ನ ಪಾಲಿಗೆ ಬಂದ ಜೊತೆಗಾರರು ಸಾಕ್ಷಾತ್ ಪೋಸ್ಟ್‌ಮಾಸ್ಟರ್ ಸಾರ್. ಬೂದಿ ಬುಧವಾರದ ಹಿಂದಿನ ದಿನ ಬೆಳಿಗ್ಗೆ ಫೋನ್ ಮಾಡಿದರು.

"ಸಿಸ್ಟರ್, ನೀವು ಈ ಸಲ ಆ ಬರಹ ಬಿಡ್ಬೇಕು. ಬ್ಲಾಗಿಂದ ತೆಗೀಬೇಕು."

"ಯಾವ ಬರಹ ಸಾರ್?"

"ಯಾವ್ದು ಅಂತ ನಿಮಗೆ ಗೊತ್ತು."

ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ದನಿ ಆಗಲೇ ಏರಿತ್ತು. ಆ ಬರಹದ ಹೆಸರು ‘ಬಾರದ ಮಗಳು’. ಆರು ವರ್ಷದ ಹಿಂದೆ ನಮ್ಮ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಬರೆದದ್ದು. ಅಮ್ಮನ ಕೊನೆಯ ನಾಲ್ಕು ದಿನ ನಾನೊಬ್ಬಳೇ ಹಾಸಿಗೆಯ ಪಕ್ಕ ಇದ್ದೆ. ಇಟ್ಟಮಡುವಿನಲ್ಲಿರುವ ನನ್ನ ತಂಗಿ, ಅಮ್ಮ ಮುದ್ದು ಮಾಡಿ ಬೆಳೆಸಿದ ಕಿರಿ ಮಗಳು, ಒಂದು ದಿನವೂ ಬರಲಿಲ್ಲ. ಮಣ್ಣಿಗೆ ಬಂದಳು. ಅವತ್ತು ನಾನು ಅವಳ ಮುಖ ನೋಡಲಿಲ್ಲ. ವಾರ ಕಳೆದ ಮೇಲೆ ಕೂತು ಬರೆದೆ. "ಹಬ್ಬಕ್ಕೆ ಬಂದ ಕಾಲು ಸಾವಿಗೆ ಬರಲಿಲ್ಲ" ಎಂದು ಬರೆದೆ. ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ, ನಮ್ಮಮ್ಮನಿಗೆ ಇದ್ದದ್ದು ಇಬ್ಬರೇ ಹೆಣ್ಣುಮಕ್ಕಳು.

ನನ್ನ ಬರಹಗಳಲ್ಲಿ ಅಷ್ಟು ಓದಿಸಿಕೊಂಡದ್ದು ಮತ್ತೊಂದಿಲ್ಲ. ಓದಿದವರೆಲ್ಲ ಕಣ್ಣೀರು ಬಂತು ಎಂದರು. ಆ ಸಾಲು ಎಲ್ಲೆಲ್ಲೋ ಸುತ್ತಾಡಿ, ಯಾರದು ಎಂದು ತಿಳಿಯದ ಒಬ್ಬ ಫಾದರ್ ಅದನ್ನು ಒಂದು ಭಾನುವಾರ ಚರ್ಚಿನ ಪ್ರಸಂಗದಲ್ಲಿ ಹೇಳಿದರು. ಎರಡನೇ ಬೆಂಚಿನಲ್ಲಿ ನನ್ನ ತಂಗಿ ಕೂತಿದ್ದಳು. ಎದ್ದು ಹೊರಗೆ ಹೋದಳಂತೆ. ಅವತ್ತು ಮಧ್ಯಾಹ್ನ ನನಗೆ ಫೋನ್ ಮಾಡಿದಳು. "ನನ್ನ ಒಂದು ಮಾತು ಕೇಳ್ಲಿಲ್ಲ ನೀನು. ಊರಿಗೆಲ್ಲ ಹೇಳ್ದೆ" ಎಂದಳು. ಅಷ್ಟೇ. ಆಮೇಲೆ ಅವಳ ದನಿ ನಾನು ಕೇಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ.

"ಅದರಲ್ಲಿ ಒಂದಕ್ಷರ ಸುಳ್ಳಿಲ್ಲ ಸಾರ್" ಎಂದೆ.

"ಸುಳ್ಳು ಅಂತ ನಾನಂದ್ನಾ? ತೆಗೀರಿ ಅಂದೆ. ಇನ್ನೊಂದಿದೆ. ಈಸ್ಟರ್ ಒಳಗೆ ನೀವು ಅವರ ಮನೆಗೆ ಹೋಗ್ಬೇಕು. ಬಾಗಿಲು ತಟ್ಟಿದ್ರೆ ಸಾಕು. ಆಮೇಲೆ ಏನಾಗುತ್ತೋ ಅದು ನಿಮ್ಮ ಕೈಲಿಲ್ಲ."

"ಬರೆದು ಕ್ಷಮೆ ಕೇಳ್ತೀನಿ ಸಾರ್. ಅದು ನನಗೆ ಬರುತ್ತೆ."

"ಅದೇ ಬೇಡ. ಬರೆದೇ ತಾನೆ ಇಷ್ಟೆಲ್ಲ ಆಗಿದ್ದು. ಈ ಸಲ ನಡ್ಕೊಂಡು ಹೋಗಿ."

ಫೋನ್ ಇಟ್ಟು ಅರ್ಧ ಗಂಟೆ ಗೊಣಗಿದೆ. ಮುದುಕನಿಗೆ ಬೇರೆಯವರ ಮನೆ ವಿಷಯ ಯಾಕೆ ಎಂದೆ. ಆದರೆ ಬರಹವನ್ನು ತೆಗೆದೆ. ನಿಜ ಹೇಳುತ್ತೇನೆ, ತೆಗೆಯುವಾಗ ತಂಗಿಯ ನೆನಪಿಗಿಂತ ಮುಂಚೆ ಕಣ್ಣಿಗೆ ಬಿದ್ದದ್ದು ಅದರ ಕೆಳಗಿದ್ದ ಕಾಮೆಂಟುಗಳು. ಎಷ್ಟು ಜನ ಹೊಗಳಿದ್ದರು, ಎಲ್ಲ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಒಂದು ಕೆಲಸ ಮಾಡಿದೆ. ಬೀಗ ಹಾಕುವ ಮೊದಲು ಈಸ್ಟರಿನ ಬರಹವನ್ನು ಬರೆದಿಡಲು ನಮ್ಮಲ್ಲಿ ಅವಕಾಶವಿದೆ. ಇವತ್ತು ಬರೆದು ದಿನಾಂಕ ಹಾಕಿಟ್ಟರೆ ಆ ದಿನ ಬೆಳಿಗ್ಗೆ ಬ್ಲಾಗ್ ತಾನೇ ಅದನ್ನು ಪ್ರಕಟಿಸುತ್ತದೆ. ಎಲ್ಲರೂ ಹಬ್ಬದ ಶುಭಾಶಯ ಹಾಗೆ ಇಟ್ಟಿರುತ್ತಾರೆ. ನಾನು ಕ್ಷಮಾಪಣೆ ಬರೆದಿಟ್ಟೆ. ಸಾರ್‌ಗೆ ಹೇಳಲಿಲ್ಲ. ಅಷ್ಟರಲ್ಲಿ ಹೇಗಿದ್ದರೂ ತಂಗಿಯ ಮನೆಗೆ ಹೋಗಿ ಬಂದಿರುತ್ತೇನೆ, ಹಬ್ಬದ ದಿನ ಅಡುಗೆ ಬಿಟ್ಟು ಬರೆಯುತ್ತಾ ಕೂರಲಾಗುತ್ತದೆಯೇ ಎಂದುಕೊಂಡು, ಹೋಗಿ ಬಂದೆ ಎಂದೇ ಬರೆದೆ. ಅವಳು ಬಾಗಿಲು ತೆರೆದದ್ದು, ‘ಅಕ್ಕಾ’ ಎಂದು ಅಪ್ಪಿಕೊಂಡದ್ದು, ಇಬ್ಬರೂ ಅತ್ತದ್ದು, ಅವಳು ಕಣ್ಣೊರೆಸಿಕೊಳ್ಳುತ್ತಾ ಕಾಫಿ ಕೊಟ್ಟದ್ದು, ಎಲ್ಲ ಬರೆದೆ. ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ ಎನಿಸಿತು.

ದಿನಾಂಕ ಹಾಕುವ ಹೊತ್ತಿಗೆ ಕೆಳಗಿನಿಂದ ಮನೆ ಓನರ್ ಅಕ್ಕ ಕೂಗಿದರು. ಜರಗನಹಳ್ಳಿಯ ಹಳೇ ಜಮೀನ್ದಾರರ ಮನೆಯವರು. ಅವರ ಹೊಲ ಇದ್ದ ಕಡೆ ಈಗ ಮೂರು ಅಂತಸ್ತಿನ ಬಾಡಿಗೆ ಮನೆ, ಅದರ ಎರಡನೇ ಅಂತಸ್ತಿನಲ್ಲಿ ನಾನು. "ಮೇಡಂ, ಟ್ಯಾಂಕರ್ ಬಂದೈತೆ, ನೀರ್ ಹಿಡ್ಕಳಿ" ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಈಸ್ಟರ್ ಯಾವತ್ತು ಎಂದು ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ. ನಲವತ್ತು ದಿನ ಎಂದರೆ ನಲವತ್ತು ದಿನ. ಮಾತ್ರೆಯ ಕೋರ್ಸಿಗೆ ದಿನ ಎಣಿಸಿಕೊಟ್ಟ ಕೈ ಇದು, ನನಗೆ ಯಾರು ಲೆಕ್ಕ ಹೇಳಿಕೊಡಬೇಕು. ಬುಧವಾರದಿಂದ ಬೆರಳು ಮಡಚಿ ನಲವತ್ತು ಎಣಿಸಿ, ಮಾರನೆಯ ದಿನದ ತಾರೀಕು ಒತ್ತಿ, ಬ್ಲಾಗಿಗೆ ಬೀಗ ಹಾಕಿ ಬಕೆಟ್ ಹಿಡಿದು ಓಡಿದೆ.

ಮಾರನೆಯ ದಿನ ಚರ್ಚಿನಿಂದ ಬಂದಾಗ ಓನರ್ ಅಕ್ಕ ನನ್ನ ಹಣೆ ನೋಡಿ ಖುಷಿಯಾದರು. "ಪರ್ವಾಗಿಲ್ವೆ, ನೀವೂ ವಿಭೂತಿ ಇಟ್ಕೊಂಡಿದೀರಿ" ಎಂದರು. ಇದು ನಮ್ಮ ಉಪವಾಸದ ಶುರು ಎಂದೆ. ಅವರದು ಶನಿವಾರ ಒಪ್ಪತ್ತು, ನನ್ನದು ನಲವತ್ತು ದಿನ ಎಂದು ತಿಳಿದು ಮರುಗಿದರು. ಅಂದಿನಿಂದ ಶುಕ್ರವಾರ ಶುಕ್ರವಾರ ಅವರ ಮನೆಯಿಂದ ಒಂದು ತಟ್ಟೆ ಹಣ್ಣು ಮೇಲೆ ಬರತೊಡಗಿತು.

ಸಾರ್ ದಿನಾ ಸಂಜೆ ಕೇಳುತ್ತಿದ್ದರು. ನಡೀತಾ? ನಾನು "ನಾಳೆ" ಎಂದು ಬರೆಯುತ್ತಿದ್ದೆ. ನಾಳೆ ಎಂಬ ಉತ್ತರ ನಮ್ಮ ಕಟ್ಟಳೆಯಲ್ಲಿ ಇಲ್ಲ ಎಂದು ಅವರು ಬರೆದರು.

ಎರಡನೇ ವಾರ ಧೈರ್ಯ ಮಾಡಿದೆ. ನನ್ನ ನಂಬರ್ ನೋಡಿದರೆ ಎತ್ತಲಾರಳು ಎಂದು ಓನರ್ ಅಕ್ಕನ ಫೋನ್ ಇಸಿದುಕೊಂಡು ಮಾಡಿದೆ. ಆರು ವರ್ಷದ ಮೇಲೆ ಅವಳು "ಹಲೋ" ಎಂದಳು. ವಾರ್ಡಿಗೆ ವಾರ್ಡೇ ನಡುಗಿಸಿದವಳು ನಾನು, "ಗ್ಯಾಸ್ ಏಜೆನ್ಸೀನಾ?" ಎಂದು ಕೇಳಿದೆ. ಅಲ್ಲ ಎಂದು ಇಟ್ಟಳು. ಅವತ್ತು ಸಂಜೆ "ಬಿದ್ದೆ" ಎಂದು ಬರೆದೆ. ಕೆಳಗೆ ಹತ್ತು ಜನ "ಏಳಿ" ಎಂದು ಬರೆದರು. ಮೊದಲ ಸಲ ಅದು ನನಗೆ ಹಾಸ್ಯವಾಗಿ ಕಂಡಿತು.

ಮೂರನೇ ವಾರದ ಶುಕ್ರವಾರ ಕನಕಪುರ ರಸ್ತೆಯಲ್ಲಿ ಬಸ್ ಹತ್ತಿ, ಬನಶಂಕರಿಯಲ್ಲಿ ಇಳಿದು ಮತ್ತೊಂದು ಹತ್ತಿ ಇಟ್ಟಮಡುವಿಗೆ ಹೋದೆ. ಅವಳ ಬೀದಿಯ ತಿರುವಿನಲ್ಲಿ ನಿಂತರೆ ತಾರಸಿ ಕಾಣುತ್ತದೆ. ಪಂಚೆಯ ಮೇಲೆ ಸಂಡಿಗೆ ಇಡುತ್ತಿದ್ದಳು, ಅಮ್ಮ ಇಡುತ್ತಿದ್ದ ಹಾಗೇ ಒತ್ತೊತ್ತಾಗಿ. ದೂರ ದೂರ ಇಡೇ, ಅಂಟಿಕೊಳ್ಳುತ್ತೆ ಎಂದು ಕೂಗಬೇಕು ಎನಿಸಿತು. ನೋಡಿ ನನ್ನ ಬುದ್ಧಿ, ಕ್ಷಮೆ ಕೇಳಲು ಹೋದವಳಿಗೆ ಮೊದಲು ಬಾಯಿಗೆ ಬಂದದ್ದು ಬೈಗುಳ. ಅದಕ್ಕೆ ಹೆದರಿಯೇ ಹಿಂದೆ ತಿರುಗಿದೆ. ಬಸ್ ಸ್ಟಾಪಿನ ಬೇಕರಿಯಲ್ಲಿ ಖಾರಾ ಬನ್ ತಿಂದೆ. ಶುಕ್ರವಾರ ನಮಗೆ ಉಪವಾಸ. ಒಂದೇ ದಿನದ ಎರಡು ತಪ್ಪಿಗೆ ಒಂದೇ ಬೀಳು ಎಂದು ಲೆಕ್ಕ ಹಿಡಿಯಿರಿ ಎಂದು ಸಾರ್‌ಗೆ ಬರೆದೆ. ಅವರು ಹಿಡಿದರು.

ಮೂರನೆಯ ಬೀಳು ಐದನೇ ವಾರದ್ದು. ತಂಗಿಯ ಚರ್ಚಿನಲ್ಲಿ ಸಂಜೆ ಶಿಲುಬೆ ಹಾದಿ ಇತ್ತು. ಜನರ ಮಧ್ಯೆ ಸಿಕ್ಕರೆ ಅವಳಾದರೂ ಜಗಳವಾಡಲಾರಳು, ನಾನಾದರೂ ಆಡಲಾರೆ ಎಂದು ಹೋಗಿ ಹಿಂದೆ ನಿಂತೆ. ಅವಳು ನನ್ನಿಂದ ಏಳೆಂಟು ಸಾಲು ಮುಂದೆ ಇದ್ದಳು. ಮೊಣಕಾಲೂರಿದಾಗ ಸೆರಗು ಜಾರಿ ತಲೆ ಕಂಡಿತು. ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಎಂಟು ವರ್ಷ ಚಿಕ್ಕವಳು. ನಾನು ಎತ್ತಿಕೊಂಡು ತಿರುಗಿದ ಮಗು. ಆ ತಲೆಗೆ ಬಣ್ಣ ಹಚ್ಚುವುದನ್ನು ಅವಳು ಯಾವಾಗ ಬಿಟ್ಟಳು, ಯಾಕೆ ಬಿಟ್ಟಳು, ನನಗೊಂದೂ ಗೊತ್ತಿಲ್ಲವಲ್ಲ ಎಂದು ಅಳು ಬಂತು. ಅಲ್ಲಿ ನಿಲ್ಲಲಾಗದೆ ಪ್ರಾರ್ಥನೆ ಮುಗಿಯುವ ಮೊದಲೇ ಹೊರಗೆ ಬಂದೆ.

"ಮೂರು ಮುಗೀತು ಸಿಸ್ಟರ್" ಎಂದರು ಸಾರ್. ಅವರ ದನಿಯಲ್ಲಿ ಬೇಸರವಿತ್ತು. "ಇನ್ನು ಬೀಳೋಕೆ ಜಾಗ ಇಲ್ಲ."

"ಗೊತ್ತು ಸಾರ್. ಅವಳು ಬಾಗಿಲು ಹಾಕ್ಕೊಂಡ್ರೆ?"

"ಹಾಕ್ಕೊಂಡ್ರೆ ಹಾಕ್ಕೊಂಡ್ರು. ಆಗ ಹಾಕ್ಕೊಂಡಿದಾರೆ ಅಂತಾದ್ರೂ ಗೊತ್ತಾಗುತ್ತೆ. ಈಗ ನಿಮಗೆ ಅದೂ ಗೊತ್ತಿಲ್ಲ."

ಗರಿಗಳ ಭಾನುವಾರ ಬಂತು, ಹೋಯಿತು. ಅದು ಈಸ್ಟರಿನ ಹಿಂದಿನ ಭಾನುವಾರ. ಅಲ್ಲಿಂದ ಪವಿತ್ರ ವಾರ, ವರ್ಷದಲ್ಲೇ ಅತ್ಯಂತ ಮೌನದ ವಾರ. ಶುಕ್ರವಾರ ಹೋಗುತ್ತೇನೆ, ಯೇಸು ಶಿಲುಬೆಗೇರಿದ ಶುಭ ಶುಕ್ರವಾರ ಯಾರೂ ಯಾರನ್ನೂ ಬಾಗಿಲಿಂದ ಕಳಿಸುವುದಿಲ್ಲ ಎಂದು ನನ್ನಷ್ಟಕ್ಕೆ ನಾನು ಗೊತ್ತು ಮಾಡಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಸಾರ್ ಫೋನ್ ಬಂತು. ಅವರು ಬೆಳಿಗ್ಗೆ ಫೋನ್ ಮಾಡುವವರಲ್ಲ.

"ಸಿಸ್ಟರ್, ನಿಮ್ಮ ಬ್ಲಾಗಲ್ಲಿ ಅಲ್ಲೆಲೂಯ ಅಂತ ಬಂದಿದೆಯಲ್ಲ."

ತಪಸ್ಸುಕಾಲ ಪೂರ್ತಿ ನಾವು ಅಲ್ಲೆಲೂಯ ಎಂಬ ಹರ್ಷದ ಮಾತನ್ನೇ ಎತ್ತುವುದಿಲ್ಲ. ಅದನ್ನು ಈಸ್ಟರಿಗೆಂದು ಎತ್ತಿಟ್ಟಿರುತ್ತೇವೆ. ನನ್ನ ಕ್ಷಮಾಪಣೆಯ ಬರಹ ಅಲ್ಲೆಲೂಯದಿಂದಲೇ ಶುರುವಾಗುತ್ತಿತ್ತು.

ಆಮೇಲೆ ತಲೆಗೆ ಹೊಳೆಯಿತು. ತಪಸ್ಸುಕಾಲದ ನಲವತ್ತರಲ್ಲಿ ಭಾನುವಾರಗಳು ಸೇರುವುದಿಲ್ಲ. ಪ್ರತಿ ಭಾನುವಾರವೂ ಒಂದು ಸಣ್ಣ ಈಸ್ಟರ್, ಅವತ್ತು ಉಪವಾಸವಿಲ್ಲ, ಅದು ಲೆಕ್ಕಕ್ಕಿಲ್ಲ. ಇದನ್ನು ನಾನು ಒಂಬತ್ತನೇ ವಯಸ್ಸಿನಲ್ಲಿ ಚರ್ಚಿನ ಉಪದೇಶ ಕ್ಲಾಸಿನಲ್ಲಿ ಕಲಿತೆ. ಎಷ್ಟೋ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ನಾನು, ಅವತ್ತು ಮಾತ್ರೆ ಎಣಿಸಿದ ಹಾಗೆ ಎಲ್ಲ ದಿನಗಳನ್ನೂ ಎಣಿಸಿದ್ದೆ. ನನ್ನ ಈಸ್ಟರ್ ಆರು ದಿನ ಮುಂಚೆ ಬಂದಿತ್ತು.

"ಹೋಗಿದ್ರಾ ನೀವು ಅವರ ಮನೆಗೆ?" ಎಂದು ಕೇಳಿದರು ಸಾರ್. "ಅಪ್ಪಿಕೊಂಡ್ರು, ಕಾಫಿ ಕೊಟ್ರು ಅಂತೆಲ್ಲ ಬರೆದಿದೀರಿ."

"ಇಲ್ಲ ಸಾರ್."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾಲ್ಕನೇ ಸಲ ಬಿದ್ದವರಿಗೆ ನಮ್ಮಲ್ಲಿ ಏನೂ ಬರೆದಿಲ್ಲ" ಎಂದರು. "ಚಪ್ಪಲಿ ಹಾಕ್ಕೊಳ್ಳಿ. ಈಗ್ಲೇ ಹೊರಡಿ."

ಬರಹವನ್ನು ತೆಗೆದುಹಾಕಿದೆ. ತೆಗೆದು ಏನು ಪ್ರಯೋಜನ. ಅಷ್ಟರಲ್ಲಿ ಯಾರೋ ಅದನ್ನು ನನ್ನದೇ ಫೋನಿಗೆ ಫಾರ್ವರ್ಡ್ ಮಾಡಿದ್ದರು, ಕೆಳಗೆ ಕೈಮುಗಿದ ಚಿತ್ರಗಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಕೂತು ಅದನ್ನು ಮತ್ತೊಮ್ಮೆ ಓದಿದೆ. ಆರು ವಾರದ ಹಿಂದೆ ಚೆನ್ನಾಗಿ ಬಂದಿದೆ ಎನಿಸಿದ್ದ ಸಾಲುಗಳೇ. ಈಗ ನಾಚಿಕೆಯಿಂದ ಮೈ ಹಿಡಿಯಾಯಿತು. ಆರು ವರ್ಷದ ಹಿಂದೆ ಅವಳನ್ನು ಕೇಳದೆ ಅವಳನ್ನು ಕೆಟ್ಟವಳು ಮಾಡಿದ್ದೆ. ಈಗ ಅವಳನ್ನು ಕೇಳದೆ ಒಳ್ಳೆಯವಳು ಮಾಡಿದ್ದೆ. ಎರಡೂ ಸಲ ಅವಳ ಮನೆಯ ಬಾಗಿಲು ತಟ್ಟಿರಲಿಲ್ಲ. ಸುಳ್ಳಿಲ್ಲ ಸುಳ್ಳಿಲ್ಲ ಎಂದು ಎದೆ ತಟ್ಟಿಕೊಂಡವಳು ಪವಿತ್ರ ವಾರದಲ್ಲಿ ಹಸಿ ಸುಳ್ಳು ಪ್ರಕಟಿಸಿದ್ದೆ.

ಈ ಸಲ ತಿರುವಿನಲ್ಲಿ ನಿಲ್ಲಲಿಲ್ಲ. ನಿಂತರೆ ಮತ್ತೆ ಬೇಕರಿಗೆ ಹೋಗುತ್ತೇನೆ ಎಂದು ಗೊತ್ತಿತ್ತು. ಬಾಗಿಲು ತಟ್ಟಿದೆ. ಅವಳೇ ತೆರೆದಳು. ಕೈಯಲ್ಲಿ ಫೋನ್ ಇತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಾನು ನಿನ್ನನ್ನ ಅಪ್ಕೊಂಡೆ ಅಂತೆ" ಎಂದಳು. "ಯಾವಾಗ?"

ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ.

"ಕಾಫಿನೂ ಕೊಟ್ಟೆ ಅಂತೆ. ನಮ್ಮನೇಲಿ ಕಾಫಿ ಮಾಡಿ ಮೂರು ವರ್ಷ ಆಯ್ತು. ಅಸಿಡಿಟಿ ನಂಗೆ."

"ತಪ್ಪಾಯ್ತು ಕಣೇ" ಎಂದೆ. ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದರಲ್ಲಿ ಇದೊಂದೇ ಬಾಯಿಗೆ ಬಂತು. "ಇವತ್ತಿಂದೂ ತಪ್ಪು. ಅವತ್ತಿಂದೂ ತಪ್ಪು. ನಿನ್ನ ಕೇಳ್ಬೇಕಿತ್ತು."

ಅವಳು ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಮುಚ್ಚುತ್ತಾಳೆ ಎಂದುಕೊಂಡೆ. ಮುಚ್ಚಿದರೆ ಮೆಟ್ಟಿಲ ಮೇಲೆ ಕೂರುವುದು, ಎದ್ದು ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅವಳು ಒಳಗೆ ಹೋದಳು, ಬಾಗಿಲು ತೆರೆದೇ ಇತ್ತು. ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಅವಳು ರಾಗಿ ಗಂಜಿ ಕದಡುತ್ತಿದ್ದಳು. ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು.

"ಗ್ಯಾಸ್ ಏಜೆನ್ಸಿ ಅಂತ ಫೋನ್ ಮಾಡಿದ್ದೂ ನೀನೇ ಅಲ್ವಾ?" ಎಂದಳು.

ಹೌದು ಎಂದು ತಲೆ ಆಡಿಸಿದೆ. ಅವಳು ನಗಲಿಲ್ಲ, ಆದರೆ ನಗು ತಡೆದಳು ಎಂದು ನನಗೆ ಗೊತ್ತಾಯಿತು. ಆ ಮುಖವನ್ನು ನಾನು ತೊಟ್ಟಿಲಿನ ಕಾಲದಿಂದ ನೋಡಿದವಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಶುರು ಮಾಡಿದಳು. "ನಾನು ಬರಬಾರ್ದು ಅಂತ ಅಮ್ಮನೇ ಹೇಳಿದ್ಲು."

"ಏನಂದೆ?"

"ಆಸ್ಪತ್ರೆಗೆ ಬರಬೇಡ ಅಂದ್ಲು. ನೀನು ಕ್ಯಾಂಟೀನಿಗೆ ಹೋದಾಗೆಲ್ಲ ನಂಗೆ ಫೋನ್ ಮಾಡೋಳು. ಬಸ್ ಸ್ಟಾಪಲ್ಲಿ ನಿಂತಿದ್ದೆ ನಾನು, ಬರ್ತಿದೀನಿ ಅಮ್ಮ ಅಂದೆ. ಬೇಡ ಕಣೇ, ನೀವಿಬ್ರೂ ಒಂದು ರೂಮಲ್ಲಿದ್ರೆ ಜಗಳ ಆಡ್ತೀರ, ಅವಳಿಗೆ ಕೋಪ ಜಾಸ್ತಿ, ನಿಂಗೆ ಅಳು ಜಾಸ್ತಿ. ನಾನು ನೆಮ್ಮದಿಯಾಗಿ ಹೋಗ್ಬೇಕು. ಅವಳು ನರ್ಸು, ಅವಳು ಇರ್ಲಿ. ನೀನು ಫೋನಲ್ಲೇ ಇರು ಅಂದ್ಲು. ನಾಲ್ಕು ದಿನ ನಾನು ಫೋನ್ ಹಿಡ್ಕೊಂಡೇ ಕೂತಿದ್ದೆ ಅಕ್ಕ, ಇಲ್ಲೇ, ಈ ಗೋಡೆಗೆ ಒರಗ್ಕೊಂಡು. ಅವಳಿಗೆ ಹೇಳ್ಬೇಡ, ನೊಂದ್ಕೋತಾಳೆ ಅಂತ ಮಾತೂ ತಗೊಂಡ್ಲು. ಆರು ವರ್ಷ ಇಟ್ಕೊಂಡೆ. ಇನ್ನು ನನ್ ಕೈಲಾಗಲ್ಲ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ಇತ್ತು. ಮೂವತ್ತು ವರ್ಷ ಸಾಯುವವರ ಪಕ್ಕ ನಿಂತಿದ್ದೆ, ಅವರಿಗೆ ಏನು ಬೇಕು ಎಂದು ಮುಖ ನೋಡಿಯೇ ಹೇಳುತ್ತೇನೆ ಎಂಬ ಜಂಬವಿತ್ತು. ನನ್ನ ಹೆತ್ತ ತಾಯಿಗೆ ಕೊನೆಗೆ ಬೇಕಿದ್ದದ್ದು ನನ್ನ ಕೋಪದಿಂದ ನಾಲ್ಕು ದಿನದ ಬಿಡುವು. ಅದನ್ನು ನನಗೆ ಹೇಳಲೂ ಹೆದರಿದ್ದಳು. ಬಾರದ ಮಗಳನ್ನು ಬಾರದ ಹಾಗೆ ಮಾಡಿದವಳು ನಾನೇ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಹಾಗಲ್ಲ, ಹೀಗೆ ಎಂದು ಹೇಳುವ ಚಾಳಿ ನನ್ನದು. ಏನೂ ಬರಲಿಲ್ಲ. ಅಳುತ್ತಾ ಕೂತೆ. ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ. ನಾನು ಬರೆದ ಹಾಗೆ ಏನೂ ಆಗಲಿಲ್ಲ. ಅವಳು ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟು, ಪಕ್ಕಕ್ಕೆ ಸರಿದು ಕೂತಳು. ಭುಜಕ್ಕೆ ಭುಜ ತಾಗಿತು.

"ಅಮ್ಮ ನೋಡ್ಬೇಕಿತ್ತು" ಎಂದಳು. "ನೀನು ಇಷ್ಟು ಹೊತ್ತು ಸುಮ್ನಿದೀಯ ಅಂದ್ರೆ ನಂಬ್ತಿರ್ಲಿಲ್ಲ."

ಅಳುತ್ತಿದ್ದವಳಿಗೆ ನಗು ಬಂತು. ಅವಳಿಗೂ ಬಂತು. ಹೊರಡುವಾಗ ಮೆಟ್ಟಿಲವರೆಗೆ ಬಂದಳು. ಅಮ್ಮ ಫೋನಿನಲ್ಲಿ ಬೇರೆ ಏನು ಮಾತಾಡಿದಳು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅವಳೇ ಹೇಳಿದಳು.

"ನಾಲ್ಕು ದಿನ ಮಾತಾಡಿದಾಳೆ ಅಕ್ಕ. ಎಲ್ಲ ನೆನಪಿದೆ ನಂಗೆ. ನಿನ್ನ ಬಗ್ಗೆನೇ ಅರ್ಧ ದಿನ ಮಾತಾಡಿದ್ಲು, ನೀನು ಚಿಕ್ಕವಳಿದ್ದಾಗಿಂದು. ಒಂದೇ ಸಲಕ್ಕೆ ಆಗಲ್ಲ. ನಾಳೆ ಬಾ."

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಬುಧವಾರವೂ ಹೋದೆ. ಇದನ್ನು ಬರೆಯುವ ಮುನ್ನ ಅವಳನ್ನು ಕೇಳಿದೆ. ನಿನ್ನ ಬಗ್ಗೆ ಅಮ್ಮ ಹೇಳಿದ್ದನ್ನು ಮಾತ್ರ ಬರೆಯಬೇಡ, ಅದು ನಮ್ಮಿಬ್ಬರಿಗೇ ಇರಲಿ ಎಂದಳು. ಬರೆದಿಲ್ಲ.